ಎಂಟು ಚದರಡಿ

ಒಬ್ಬ ಮನುಷ್ಯ ನಮಾಜಿಗೆ ನಿಲ್ಲಲು, ಬಾಗಲು, ಮಂಡಿಯೂರಿ ಹಣೆಯನ್ನು ನೆಲಕ್ಕೆ ತಾಗಿಸಲು ಎರಡಡಿ ಅಗಲ, ನಾಲ್ಕಡಿ ಉದ್ದದ ಜಾಗ ಸಾಕು. ಎಂಟು ಚದರಡಿ. ಆದೋನಿಯಲ್ಲಿ ರಂಜಾನ್ ಹಬ್ಬದ ಬೆಳಿಗ್ಗೆ ಈದ್ಗಾ ಕಡೆಯ ರಸ್ತೆ ಬಂದ್ ಆಗಿ, ಹಾಲಿನವನೂ ಬರದೆ ಪೇಪರಿನವನೂ ಬರದೆ, ಚಹಾ ಇಲ್ಲದೆ ಸಿಟ್ಟಿನಲ್ಲಿ ಕೂತವನಿಗೆ ಇಂಥ ಲೆಕ್ಕಗಳೇ ಹೊಳೆಯುವುದು.

ನಾನು ಸಿಡುಕ. ಮನೆಯವರೂ ಓಣಿಯವರೂ ಅದನ್ನು ಒಪ್ಪಿಕೊಂಡು ಬಹಳ ಕಾಲವಾಯಿತು. ಹತ್ತಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದು ಕಣ್ಣು ಕಳಕೊಂಡವನಿಗೆ ಗದ್ದಲ ಹಿಡಿಸುವುದಿಲ್ಲ. ಇದರಲ್ಲಿ ನಾನು ಪಕ್ಷಪಾತ ಮಾಡಿದವನಲ್ಲ. ಗಣಪತಿ ಕೂಡ್ರಿಸಿದಾಗಲೂ ಗೊಣಗುತ್ತೇನೆ, ಪೀರಲ ಹಬ್ಬಕ್ಕೂ ಗೊಣಗುತ್ತೇನೆ, ಜಾತ್ರೆಗೂ ಉರುಸಿಗೂ ಗೊಣಗುತ್ತೇನೆ, ಚುನಾವಣೆ ಬಂದರೆ ಎಲ್ಲಕ್ಕಿಂತ ಹೆಚ್ಚು ಗೊಣಗುತ್ತೇನೆ. ಸರ್ಕಾರದ ನಿಯಮದಲ್ಲಿ ಮನೆಗಳಿರುವ ಕಡೆ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45 ಡೆಸಿಬಲ್ ಎಂದಿದೆ. ಡೆಸಿಬಲ್ ಲೆಕ್ಕ ಕಿರಾಣಿ ಅಂಗಡಿಯ ಲೆಕ್ಕದಂತಲ್ಲ. ಹತ್ತು ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು, ಮೂವತ್ತು ಏರಿದರೆ ಸಾವಿರ ಪಟ್ಟು. ಯಾವ ದೇವರ ಹೆಸರಲ್ಲಿ ಹಾಕಿದ ಸ್ಪೀಕರಾದರೂ ಕಿಟಕಿಯ ಹೊರಗೆ 85 ಮುಟ್ಟಿತೆಂದರೆ ನನ್ನ ಪಾಲಿಗೆ ನಿಯಮಕ್ಕಿಂತ ಸಾವಿರ ಪಟ್ಟು ದೇವರು ಬಂದಂತೆ. ಇರಲಿ. ಶಬ್ದದ ವಿಷಯ ಎತ್ತಿದರೆ ಈ ಬರಹ ಮುಗಿಯುವುದಿಲ್ಲ.

ಎಂಟು ಚದರಡಿಗೆ ಬರೋಣ. ಎಕರೆಗೆ 43,560 ಚದರಡಿ. ಅಂದರೆ ಒಂದು ಎಕರೆಯಲ್ಲಿ ಸಾಲುಗಟ್ಟಿ ನಿಂತರೆ 5,445 ಜನ ಹಿಡಿಸುತ್ತಾರೆ. ಮೂವತ್ತು ಅಡಿ ಅಗಲದ ರಸ್ತೆ ಒಂದು ಕಿಲೋಮೀಟರು ಸಿಕ್ಕರೆ ಹನ್ನೆರಡು ಸಾವಿರಕ್ಕೂ ಹೆಚ್ಚು. 2011ರ ಜನಗಣತಿಯಲ್ಲಿ ಆದೋನಿ ಪಟ್ಟಣದ ಜನಸಂಖ್ಯೆ 1.66 ಲಕ್ಷ. ಹಿಂದೂ, ಮುಸ್ಲಿಂ, ಕ್ರೈಸ್ತ, ಜೈನ, ತೊಟ್ಟಿಲ ಕೂಸು, ನನ್ನಂಥ ಮುದುಕ, ಎಲ್ಲರನ್ನೂ ಸೇರಿಸಿ ನಿಲ್ಲಿಸಿದರೂ ಮೂವತ್ತೊಂದು ಎಕರೆ ತುಂಬುವುದಿಲ್ಲ. ನಮ್ಮ ಕಡೆ ಒಬ್ಬ ದೊಡ್ಡ ರೈತನ ಹೊಲ ಅಷ್ಟಿರುತ್ತಿತ್ತು.

ಹಾಗಾದರೆ ಊರೇ ಕಿಕ್ಕಿರಿದಂತೆ ಅನ್ನಿಸುವುದೇಕೆ? ಪೆನ್ಸಿಲ್ ಹಿಡಿದು ಇನ್ನೊಂದು ಲೆಕ್ಕ ಮಾಡಿದೆ. ಒಂದು ಸಣ್ಣ ಕಾರು ಹನ್ನೆರಡು ಅಡಿ ಉದ್ದ, ಐದು ಅಡಿ ಅಗಲ, ಅರವತ್ತು ಚದರಡಿ. ಏಳೂವರೆ ಜನರ ನಮಾಜಿನ ಜಾಗ. ಅದೇನು ದೊಡ್ಡದಲ್ಲ ಅನ್ನಬಹುದು. ಆದರೆ ಜಾಗದ ಜೊತೆ ಹೊತ್ತನ್ನೂ ಗುಣಿಸಬೇಕು. ಈದ್ ನಮಾಜು ಎರಡೇ ರಕಾತ್. ಖುತ್ಬಾ ಸೇರಿಸಿ ಅರ್ಧ ಗಂಟೆ ಹಿಡಿಯೋಣ. ಎಂಟು ಚದರಡಿ, ಅರ್ಧ ಗಂಟೆ. ಒಬ್ಬನ ಹಬ್ಬದ ಖರ್ಚು ನಾಲ್ಕು ಚದರಡಿ-ಗಂಟೆ. ಬೀದಿ ಬದಿಗೆ ತಂದು ನಿಲ್ಲಿಸಿ ವರ್ಷಪೂರ್ತಿ ಧೂಳು ತಿನ್ನಿಸುವ ಒಂದು ಕಾರಿನ ಖರ್ಚು 60ನ್ನು 8,760 ಗಂಟೆಯಿಂದ ಗುಣಿಸಿದಷ್ಟು: 5,25,600. ನಾಲ್ಕರಿಂದ ಭಾಗಿಸಿದರೆ 1,31,400. ಓಡದೆ ನಿಂತ ಒಂದೇ ಒಂದು ಕಾರು ವರ್ಷಕ್ಕೆ ನುಂಗುವ ಜಾಗದಲ್ಲಿ ಒಂದು ಲಕ್ಷ ಮೂವತ್ತೊಂದು ಸಾವಿರ ಜನರ ಈದ್ ನಮಾಜು ಮುಗಿಯುತ್ತದೆ. ಲೆಕ್ಕ ತಪ್ಪಿತೇನೋ ಎಂದು ಇನ್ನೊಮ್ಮೆ ಮಾಡಿದೆ. ತಪ್ಪಿರಲಿಲ್ಲ. ನಮ್ಮ ಓಣಿಯಲ್ಲಿ ಅಂಥವು ಆರು ನಿಂತಿವೆ, ಎರಡರ ಟೈರಿನಲ್ಲಿ ಗಾಳಿಯೂ ಇಲ್ಲ. ಅವುಗಳಿಗೆ ಯಾರೂ ಬಂದೋಬಸ್ತ್ ಹಾಕುವುದಿಲ್ಲ.

ಕೈ ಬಿಡದೆ ಮುಂದಕ್ಕೂ ಹೋದೆ. ಜಗತ್ತಿನಲ್ಲಿ ಮುಸ್ಲಿಮರು ಸುಮಾರು 200 ಕೋಟಿ. ಅಷ್ಟೂ ಜನ ಒಂದೇ ಕಡೆ ನಮಾಜಿಗೆ ನಿಂತರೆ ಎಷ್ಟು ಜಾಗ ಬೇಕು? 1,600 ಕೋಟಿ ಚದರಡಿ. ಕೇಳಿದರೆ ಎದೆ ಝಲ್ಲೆನ್ನುವ ಸಂಖ್ಯೆ. ಚದರ ಕಿಲೋಮೀಟರಿಗೆ ಇಳಿಸಿದರೆ ಮಾತ್ರ 1,486. 2022ರಲ್ಲಿ ನಂದ್ಯಾಲ ಬೇರೆಯಾಗುವ ಮುಂಚೆ ಕರ್ನೂಲು ಜಿಲ್ಲೆಯ ವಿಸ್ತೀರ್ಣ 17,658 ಚದರ ಕಿಲೋಮೀಟರು. ಇಡೀ ಭೂಮಂಡಲದ ಮುಸ್ಲಿಮರನ್ನು ಕರೆಸಿಕೊಂಡರೂ ಹಳೇ ಕರ್ನೂಲು ಜಿಲ್ಲೆಯ ಸುಮಾರು ಹನ್ನೆರಡರಲ್ಲಿ ಒಂದು ಪಾಲು ಜಾಗ ಕೊಟ್ಟರೆ ಸಾಕು. ತುಂಗಭದ್ರಾ ಜಲಾಶಯದ ನೀರು ಹರಡುವ ಜಾಗ 378 ಚದರ ಕಿಲೋಮೀಟರು, ಅಂಥವು ನಾಲ್ಕು. ಮೊರೊಕ್ಕೊದಿಂದ ಇಂಡೊನೇಷ್ಯಾದವರೆಗಿನ ಜನ ಆಲೂರು, ಆದೋನಿ, ಹೊಳಗುಂದ, ಕೌತಾಳಂ ಬಯಲಿನ ಎರೆಮಣ್ಣಿನಲ್ಲಿ ಸಾಲಾಗಿ ಕೂತು ಎದ್ದು ಹೋಗಬಹುದು. ಮಳೆ ಬಂದರೆ ಕಷ್ಟ, ಎರೆಯಲ್ಲಿ ಕಾಲು ಹೂತುಹೋಗುತ್ತದೆ. ಆದರೆ ನಮ್ಮ ಕಡೆ ಮಳೆಯ ಮಾತು ಯಾಕೆ.

ನೀರು ಮಾತ್ರ ಹೇಗೆ ಕೊಡುವುದು ಎಂಬ ಚಿಂತೆ ಹತ್ತಿತು. ಇದು ಆದೋನಿಯವನಿಗೆ ತಾನಾಗಿ ಬರುವ ಚಿಂತೆ. ನಮ್ಮ ಊರಿಗೆ ನೀರು ಬರುವುದು ತುಂಗಭದ್ರಾ ಕೆಳಮಟ್ಟದ ಕಾಲುವೆಯಿಂದ, ಎಲ್ಲರ ಬಾಯಲ್ಲಿ ಎಲ್‌ಎಲ್‌ಸಿ. ಉದ್ದ 324 ಕಿಲೋಮೀಟರು. ಕರ್ನಾಟಕದ ಗದ್ದೆಗಳನ್ನೆಲ್ಲ ಮಾತಾಡಿಸಿಕೊಂಡು ಅದು ನಮ್ಮ ಕಡೆ ಬರುವ ಹೊತ್ತಿಗೆ ಸೊರಗಿರುತ್ತದೆ. ಕಾಲುವೆ ನಿಂತ ಬೇಸಿಗೆಗೆಂದು ಬಸಾಪುರದ ಕೆರೆಯಲ್ಲಿ ನೀರು ತುಂಬಿಟ್ಟುಕೊಳ್ಳುತ್ತಾರೆ. ನಲ್ಲಿಯಲ್ಲಿ ಯಾವ ದಿನ ನೀರು, ಯಾವ ಹೊತ್ತಿಗೆ ನೀರು ಎಂಬುದು ಇಲ್ಲಿ ಹಬ್ಬದ ಚಂದ್ರನಿಗಿಂತ ಅನಿಶ್ಚಿತ. ಹೀಗಿರುವಾಗ ನಮಾಜಿಗೆ ಮುಂಚೆ ವುಜೂ, ಅಂದರೆ ಕೈಕಾಲು ಮುಖ ತೊಳೆಯುವುದು, 200 ಕೋಟಿ ಜನ!

ಪಕ್ಕದ ಮನೆಯ ಸಾಬರನ್ನು ಕೇಳಿದೆ. ಅವರು ಕಾಂಪೌಂಡಿನ ಆಚೆಯಿಂದಲೇ ನಕ್ಕರು.

"ಪೈಗಂಬರ್ ಸಾಹೇಬರು ಒಂದು ಮುದ್ದ್ ನೀರಾಗ ವುಜೂ ಮುಗಿಸ್ತಿದ್ರಂತ್ರೀ ಗುಮಾಸ್ತರೆ. ನಾವು ನಲ್ಲಿ ಬಿಟ್ಟು ಬಕೀಟು ಖಾಲಿ ಮಾಡ್ತೀವಿ, ಆ ಮಾತು ಬ್ಯಾರೆ."

ಮುದ್ದ್ ಎಂದರೆ ಎರಡು ಬೊಗಸೆಯ ಹಳೇ ಅರಬ್ ಅಳತೆ. ಪಂಥಕ್ಕೊಂದು ಲೆಕ್ಕ ಹೇಳುತ್ತಾರೆ. ಮುಕ್ಕಾಲು ಲೀಟರು ಅಂತ ಹಿಡಿದೆ. 200 ಕೋಟಿಗೆ 150 ಕೋಟಿ ಲೀಟರು. ಅಬ್ಬಾ ಅನ್ನುವಷ್ಟರಲ್ಲಿ 2024ರ ಆಗಸ್ಟ್ 10ರ ರಾತ್ರಿ ನೆನಪಾಯಿತು. ಅವತ್ತು ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತು. ಆ ಒಂದು ಬಾಯಿಂದ ಹರಿದದ್ದು ಸುಮಾರು 35 ಸಾವಿರ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತು ಲಕ್ಷ ಲೀಟರು. ಇಡೀ ಜಗತ್ತಿನ ಮುಸ್ಲಿಮರ ವುಜೂವಿಗೆ ಬೇಕಾದ ನೀರು ಆ ಮುರುಕು ಗೇಟಿನಲ್ಲಿ ಇಪ್ಪತ್ತೈದೇ ನಿಮಿಷದಲ್ಲಿ ಹೋಗಿಬಿಟ್ಟಿತ್ತು. ಹೊಸ ತಡೆಗೇಟು ಇಳಿಸುವ ತನಕ ದಿನಗಟ್ಟಲೆ ಹರಿಯಿತು. ಸಾಬರು ಬಕೀಟು ಖಾಲಿ ಮಾಡಿದ್ದಕ್ಕೆ ನಾನು ಸಿಟ್ಟು ಮಾಡಿಕೊಳ್ಳುವುದನ್ನು ಅವತ್ತಿನಿಂದ ಬಿಟ್ಟೆ.

ಮುದ್ದಿನ ನಾಲ್ಕು ಪಟ್ಟು ಒಂದು ಸಾ. ಇದು ಕಾಳು ಅಳೆಯುವ ಲೆಕ್ಕಕ್ಕೂ ಬರುತ್ತದೆ. ಈದ್ ನಮಾಜಿಗೆ ಮುಂಚೆ ಉಳ್ಳ ಮನೆಯವರು ತಲೆಗೆ ಇಷ್ಟು ಅಂತ ಫಿತ್ರಾ ಕೊಡಬೇಕು, ಅವತ್ತು ಹುಟ್ಟಿದ ಕೂಸಿನ ಲೆಕ್ಕವೂ ಸೇರಿ. ಖರ್ಜೂರವಾದರೆ ಒಂದು ಸಾ, ಹನಫಿ ಲೆಕ್ಕದಲ್ಲಿ ಗೋಧಿಯಾದರೆ ಅರ್ಧ ಸಾ. ಕಡಿಮೆ ಹಿಡಿದರೂ 1.6 ಕಿಲೊ. ಹಿಡಿಯಷ್ಟು ಗೋಧಿ, ಇದರಲ್ಲೇನಿದೆ ಅಂತ ನಾನೂ ಅಂದುಕೊಳ್ಳುತ್ತಿದ್ದೆ. 2011ರ ಗಣತಿಯಲ್ಲಿ ಭಾರತದ ಮುಸ್ಲಿಮರು 17.22 ಕೋಟಿ. ಎಲ್ಲರ ಹೆಸರಿನಲ್ಲೂ ಕೊಟ್ಟರು ಅಂತಲೇ ಇಟ್ಟುಕೊಳ್ಳಿ: ಎರಡು ಲಕ್ಷ ಎಪ್ಪತ್ತೈದು ಸಾವಿರ ಟನ್ನು. ಒಂದು ಗೂಡ್ಸ್ ರೈಲಿಗೆ ಕಾಳು ತುಂಬಿದರೆ ಸುಮಾರು 2,600 ಟನ್ನು ಹಿಡಿಯುತ್ತದೆ. ನೂರಾ ಆರು ರೈಲು ಬೇಕು. ಒಂದೊಂದು ಆರುನೂರೈವತ್ತು ಮೀಟರಿನ ಆಸುಪಾಸು ಉದ್ದ. 1871ರಲ್ಲಿ ಮದರಾಸಿನಿಂದ ರಾಯಚೂರಿಗೆ ಕೂಡಿದ ಹಳಿ ನಮ್ಮ ಊರ ಮೇಲೆಯೇ ಹೋಗುತ್ತದೆ. ಆ ಹಳಿಯ ಮೇಲೆ ಅಷ್ಟೂ ರೈಲನ್ನು ಒಂದರ ಬಾಲಕ್ಕೊಂದು ನಿಲ್ಲಿಸಿದರೆ ಆದೋನಿ ಸ್ಟೇಷನ್ನಿನಿಂದ ಶುರುವಾದದ್ದು ರಾಯಚೂರಿನ ಹತ್ತಿರ ಹೋಗಿ ನಿಲ್ಲುತ್ತದೆ.

ಮಂಡಿಯವನಾಗಿ ನನಗೆ ತಲೆ ತಿರುಗಿದ್ದು ಇಲ್ಲಿ. ಇಷ್ಟು ಮಾಲು ಕದಲಬೇಕಾದರೆ ಗೋದಾಮು ಬೇಕು, ತೂಕದ ಕಾಟಾ ಬೇಕು, ಹಮಾಲರು, ಚೀಟಿ, ಸೆಸ್, ದಲಾಲಿ, ಕೊನೆಗೆ ಜಗಳ. ಫಿತ್ರಾಕ್ಕೆ ಇದ್ಯಾವುದೂ ಇಲ್ಲ. ಚಂದ್ರ ಕಂಡ ರಾತ್ರಿಯಿಂದ ನಮಾಜಿನ ಹೊತ್ತಿನೊಳಗೆ ಕೈಯಿಂದ ಕೈಗೆ ಹೋಗಿ ಮುಗಿಯಬೇಕು. ಈಗೀಗ ಹೆಚ್ಚಿನವರು ದುಡ್ಡು ಕೊಡುತ್ತಾರೆ, ಸರಿ. ಆದರೂ ಅಳತೆ ಕಾಳಿನದೇ. ನನ್ನ ಅನುಭವದಲ್ಲಿ ಇಷ್ಟು ದೊಡ್ಡ ವಹಿವಾಟಿಗೆ ಖಾತೆ ಪುಸ್ತಕವೇ ಇಲ್ಲದ್ದು ಇದೊಂದೇ. ಜಕಾತಿನದಾದರೂ ಲೆಕ್ಕವಿದೆ: ಏಳೂವರೆ ತೊಲ ಬಂಗಾರ ಇಲ್ಲವೆ ಐವತ್ತೆರಡೂವರೆ ತೊಲ ಬೆಳ್ಳಿಯಷ್ಟು ಆಸ್ತಿ ವರ್ಷ ತುಂಬ ಕೈಯಲ್ಲಿದ್ದರೆ ನಲವತ್ತರಲ್ಲಿ ಒಂದು ಪಾಲು. ಈ ಎರಡು ತೂಕ ನೋಡಿ. ಒಂದಕ್ಕೆ ಇನ್ನೊಂದು ಸರಿಯಾಗಿ ಏಳು ಪಟ್ಟು. ಅಂದರೆ ಆ ನಿಯಮ ಹುಟ್ಟಿದ ಕಾಲದ ಅರಬ್ ಪೇಟೆಯಲ್ಲಿ ಒಂದು ತೊಲ ಬಂಗಾರಕ್ಕೆ ಏಳು ತೊಲ ಬೆಳ್ಳಿ ಬರುತ್ತಿತ್ತು. ಆದೋನಿಯ ಬಂಗಾರದ ಅಂಗಡಿಯಲ್ಲಿ ಇವತ್ತು ಹೋಗಿ ಆ ದರ ಕೇಳಿದರೆ ಚಹಾ ಕೊಟ್ಟು ಮನೆಗೆ ಕಳಿಸುತ್ತಾರೆ.

ಬಟ್ಟೆಯ ಲೆಕ್ಕ ನನ್ನ ಕಸುಬಿನದಾದ್ದರಿಂದ ಬೇಗ ಮುಗಿಸುತ್ತೇನೆ. ಒಂದು ಅಂಡಿಗೆ 170 ಕಿಲೊ, ಅದಕ್ಕೆ ಐದು ಕ್ವಿಂಟಲ್ ಹತ್ತಿ ಬೇಕು. ಒಂದು ಜೊತೆ ಕುರ್ತಾ ಪೈಜಾಮಕ್ಕೆ ಮುಕ್ಕಾಲು ಕಿಲೊ ನೂಲು. ಒಂದು ಲಕ್ಷ ಜನ ಹೊಸ ಬಟ್ಟೆ ಹೊಲಿಸಿದರೂ ನಾನೂರೈವತ್ತು ಅಂಡಿಗೆ ದಾಟುವುದಿಲ್ಲ. ಸುಗ್ಗಿಯಲ್ಲಿ ಅಷ್ಟು ಹತ್ತಿ ನಮ್ಮ ಯಾರ್ಡಿಗೆ ಒಂದೇ ದಿನ ಬಂದು ಬೀಳುತ್ತದೆ. ಎರಡನೇ ಬೊಂಬಾಯಿ ಅಂತ ಹೆಸರು ತಗೊಂಡ ಊರು ಸುಮ್ಮನೆ ತಗೊಂಡಿಲ್ಲ. ಹತ್ತಿ ನಮ್ಮದು, ಚಾಂದ್ ರಾತ್ರಿಯಲ್ಲಿ ಅಂಗಿಗೆ ಪೇಟೆಯವನು ಹೇಳುವ ರೇಟು ಮಾತ್ರ ಯಾರದೋ.

ಆ ರಾತ್ರಿ ಪೇಟೆಯಲ್ಲಿ ಸಿಕ್ಕಿಹಾಕಿಕೊಂಡವರು ಜಾಮಿಯಾ ಮಸೀದಿಯ ಎದುರು ನಿಂತು ಒಮ್ಮೆ ತಲೆ ಎತ್ತಿ ನೋಡಬೇಕು. ಅದನ್ನು ಕಟ್ಟಿಸಿದವನು ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ 17ನೇ ಶತಮಾನದಲ್ಲಿ ಆದೋನಿ ಆಳಿದ ಸಿದ್ದಿ ಮಸೂದ್ ಖಾನ್. ಅಬಿಸೀನಿಯ ಮೂಲದವನು, ಆ ದೇಶ ಇಲ್ಲಿಂದ ನಾಲ್ಕು ಸಾವಿರ ಕಿಲೋಮೀಟರಿಗೂ ಆಚೆ. 1688ರಲ್ಲಿ ಔರಂಗಜೇಬನ ದಂಡು ಕೋಟೆಗೆ ಮುತ್ತಿಗೆ ಹಾಕಿದಾಗ ಮೊಗಲರು ತೋಪಿನ ಬಾಯನ್ನು ಮಸೀದಿಯತ್ತ ತಿರುಗಿಸಿದರಂತೆ, ಅದಕ್ಕೆ ಪೆಟ್ಟಾಗುವುದನ್ನು ನೋಡಲಾರದೆ ಮಸೂದ್ ಖಾನ್ ಕೋಟೆ ಒಪ್ಪಿಸಿದನಂತೆ ಎಂದು ಕಥೆ. ಐದು ಬೆಟ್ಟಗಳ ಮೇಲಿನ ಕೋಟೆ, ವಿಜಯನಗರದವರು ನಂಬಿಕೊಂಡಿದ್ದ ಕೋಟೆ, ಒಂದು ಕಟ್ಟಡದ ಮೇಲಿನ ಆಸೆಗೆ ಹೋಯಿತು. ಮಂತ್ರಾಲಯದ ಮಂಚಾಲೆ ಗ್ರಾಮ ರಾಘವೇಂದ್ರ ಸ್ವಾಮಿಗಳಿಗೆ ಬಂದದ್ದೂ ಇದೇ ಮಸೂದ್ ಖಾನನಿಂದ ಎಂದು ಮಠದ ಸಂಪ್ರದಾಯ ಹೇಳುತ್ತದೆ. ಸ್ವಾಮಿಗಳು ಬೃಂದಾವನ ಪ್ರವೇಶಿಸಿದ್ದು 1671ರಲ್ಲಿ. ಹಾಗೆ ನೋಡಿದರೆ ನಮ್ಮ ಪಶ್ಚಿಮ ಕರ್ನೂಲಿನ ಎರಡು ದೊಡ್ಡ ಜನಜಂಗುಳಿಗಳಿಗೆ, ಈದಿನದಕ್ಕೂ ಆರಾಧನೆಯದಕ್ಕೂ, ಒಬ್ಬನೇ ಮನುಷ್ಯ ಕಾರಣ. ಗೊಣಗಬೇಕಾದರೆ ಅವನ ಮೇಲೇ ಗೊಣಗಬೇಕು.

1688ರ ಆ ಸೋಲಿನಿಂದ ಈಚೆಗೆ, 2026ರವರೆಗೆ, ಈ ಊರು 338 ಯುಗಾದಿ ಕಂಡಿದೆ. ರಂಜಾನ್ ಈದ್ ಎಷ್ಟು? 348. ಹತ್ತು ಹೆಚ್ಚು. ಅಷ್ಟರಲ್ಲಿ ನವಾಬರು ಹೋದರು, ನಿಜಾಮರು ಬಂದರು, ಟಿಪ್ಪು 1786ರಲ್ಲಿ ಕೋಟೆ ಒಡೆದ, 1800ರಲ್ಲಿ ಕಂಪನಿ ಸರ್ಕಾರ ಬಂತು, ಊರು ಬಳ್ಳಾರಿ ಜಿಲ್ಲೆಗೆ ಸೇರಿತು, 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಉಳಿದವು. ನನ್ನಪ್ಪ ಮನೆ ಬದಲಿಸದೆ ಮದರಾಸಿನವನೂ ಆಂಧ್ರದವನೂ ಆಂಧ್ರಪ್ರದೇಶದವನೂ ಆದ. ಈ ಎಲ್ಲದರ ನಡುವೆ ಯುಗಾದಿಗಿಂತ ಈದು ಹತ್ತು ಸಲ ಮುಂದೆ ಹೋಗಿದ್ದು ಹೇಗೆ?

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ. ಹನ್ನೆರಡು ಸೇರಿಸಿದರೆ 354 ದಿನ ಚಿಲ್ಲರೆ. ಸೂರ್ಯನ ವರ್ಷಕ್ಕೆ ಹತ್ತು ಹನ್ನೊಂದು ದಿನ ಖೋತಾ. ನಮ್ಮ ಪಂಚಾಂಗದವರು ಆ ಖೋತಾ ಬೆಳೆದು ತಿಂಗಳಾಗುವ ಹೊತ್ತಿಗೆ ಅಧಿಕ ಮಾಸ ಅಂತ ಒಂದು ಎಂಟ್ರಿ ಹಾಕಿ ಖಾತೆ ಸರಿ ಮಾಡುತ್ತಾರೆ, ಹತ್ತೊಂಬತ್ತು ವರ್ಷಕ್ಕೆ ಏಳು ಸಲ. ಹಿಜರಿಯವರು ಸರಿ ಮಾಡುವುದೇ ಇಲ್ಲ. ಖೋತಾ ಹಾಗೇ ಬಿಡುತ್ತಾರೆ. ಹಬ್ಬ ವರ್ಷ ವರ್ಷ ಹಿಂದಕ್ಕೆ ಜಾರುತ್ತ ಎಲ್ಲ ಋತುವನ್ನೂ ಸುತ್ತಿ ಸುಮಾರು ಮೂವತ್ತಮೂರು ವರ್ಷಕ್ಕೆ ಮೊದಲಿದ್ದಲ್ಲಿಗೆ ಬರುತ್ತದೆ. ಗುಮಾಸ್ತನಾಗಿ ಮೊದಮೊದಲು ನನಗೆ ಇದು ಸೋಮಾರಿತನ ಅನ್ನಿಸುತ್ತಿತ್ತು. ಆಮೇಲೆ ಏಪ್ರಿಲ್ ಮೇ ಬಿಸಿಲಿನಲ್ಲಿ, ನಲವತ್ತು ಡಿಗ್ರಿಯಲ್ಲಿ, ಹನಿ ನೀರಿಲ್ಲದೆ ಹಮಾಲಿ ಮಾಡಿದವರನ್ನು ನೋಡಿದೆ. ಡಿಸೆಂಬರಿನ ರೋಜಾ ಹಿಡಿದವರನ್ನೂ ನೋಡಿದೆ. ಲೆಕ್ಕ ಸರಿಮಾಡಿದ್ದರೆ ಯಾವುದೋ ಒಂದು ದೇಶದವರಿಗೆ ಯಾವಾಗಲೂ ಬೇಸಿಗೆಯೇ ಗತಿಯಾಗುತ್ತಿತ್ತು. ಜಾರಲು ಬಿಟ್ಟದ್ದರಿಂದ ಎಲ್ಲರ ಪಾಲಿಗೂ ಎಲ್ಲವೂ ಬರುತ್ತದೆ.

ಹೀಗೆ ಎರಡು ಬೇರೆ ಬೇರೆ ಗಾಲಿ ತಿರುಗುವಾಗ ಒಮ್ಮೊಮ್ಮೆ ಹಲ್ಲು ಕೂಡುತ್ತವೆ. 1992 ಮತ್ತು 1993ರಲ್ಲಿ ಕೂಡಿದ್ದವು. ಮತ್ತೆ 2024, 2025, 2026ರಲ್ಲಿ ಮೂರು ವರ್ಷವೂ ಯುಗಾದಿ ಮತ್ತು ಈದ್ ಒಂದೇ ಅಮಾವಾಸ್ಯೆಯ ಬೆನ್ನಿಗೆ ಬಂದವು. 2025 ಅಂತೂ ವಿಶೇಷ: ಮಾರ್ಚ್ 30, ಭಾನುವಾರ ಯುಗಾದಿ, 31, ಸೋಮವಾರ ಈದ್. ನಮ್ಮಲ್ಲಿ ಯುಗಾದಿಯ ಸಂಜೆಯೋ ಮರುದಿನವೋ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವ ಪದ್ಧತಿ. ಆ ಭಾನುವಾರ ಸಂಜೆ ಅಮಾವಾಸ್ಯೆ ಘಟಿಸಿ ಕೇವಲ ಇಪ್ಪತ್ತಾರು ಗಂಟೆ ಆಗಿತ್ತು. ಚಂದ್ರನ ಮೈಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆಳಕು, ಕತ್ತರಿಸಿ ಬಿಸಾಕಿದ ಉಗುರಿನ ಹಾಗೆ. ನಮ್ಮ ಮಾಳಿಗೆಯ ಮೇಲೆ ಬೇವುಬೆಲ್ಲ ತಿಂದ ನಾವು, ಪಕ್ಕದ ಮಾಳಿಗೆಯ ಮೇಲೆ ಖರ್ಜೂರದಲ್ಲಿ ರೋಜಾ ಬಿಟ್ಟ ಅವರು, ಎಲ್ಲರ ಮುಖ ಪಡುವಣಕ್ಕೆ.

"ಕಾಣ್ತೇನ್ರೀ ಸಾಬ್ರೆ?" ಅಂದೆ.

"ನಿಮ್ಗ ಕಂಡ್ರ ನಮ್ಗೂ ಹೇಳ್ರಿ, ನಾಳೆ ಶ್ಯಾವಿಗಿ ನೆನಸಬೇಕು" ಅಂದರು.

ಯೋಚಿಸಿದರೆ ಈ ಹಬ್ಬದ ಏರ್ಪಾಟಿನಷ್ಟು ವಿಚಿತ್ರವಾದದ್ದು ಇನ್ನೊಂದಿಲ್ಲ. ಸರಾಸರಿ 3,84,000 ಕಿಲೋಮೀಟರು ದೂರದಲ್ಲಿರುವ ಒಂದು ಗೆರೆ ಕಂಡರೆ ನಾಳೆ, ಕಾಣದಿದ್ದರೆ ನಾಡಿದ್ದು. ಕ್ಯಾಲೆಂಡರಿನಲ್ಲಿ ಅಚ್ಚಾದ ದಿನ ಬರೀ ಅಂದಾಜು. ಸೂರ್ಯನ ಬೆಳಕು ಆದೋನಿಯಿಂದ ಮೆಕ್ಕಾ ಮುಟ್ಟುವುದಕ್ಕೆ ಎರಡೂವರೆ ಗಂಟೆ, ನಮ್ಮ ಅಕ್ಷಾಂಶದಲ್ಲಿ ಅದು ಗಂಟೆಗೆ 1,600 ಕಿಲೋಮೀಟರಿನ ವೇಗದಲ್ಲಿ ಪಡುವಣಕ್ಕೆ ಓಡುತ್ತದೆ. ಆದರೂ ಅಲ್ಲಿಯ ಈದ್ ಹೆಚ್ಚಿನ ವರ್ಷ ನಮಗಿಂತ ಒಂದು ದಿನ ಮೊದಲು. ಟೇಲರು, ಕಟುಕ, ಹಾಲಿನವನು, ಬಳೆಗಾರ, ಬಸ್ ಡಿಪೊದವನು, ಬೆಂಗಳೂರಿನ ಕಟ್ಟಡ ಕೆಲಸದಿಂದ ರಜೆ ಕೇಳಿಕೊಂಡು ಕೋಸಗಿ, ಪೆದ್ದಕಡುಬೂರಿಗೆ ಮರಳುವ ಗಂಡಸರು, ಎಲ್ಲರ ಕೆಲಸ ಆ ಸಂಜೆಯ ಹದಿನೈದು ಇಪ್ಪತ್ತು ನಿಮಿಷದ ಮೇಲೆ ನಿಂತಿರುತ್ತದೆ. ನಮ್ಮ ಅಂಗಡಿಯಲ್ಲಿ ನಾಳೆ ಲಾರಿ ಬರುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ ಹತ್ತು ಫೋನು, ನಾಲ್ಕು ಬೈಗುಳ ಆಗುತ್ತಿದ್ದವು.

ಈ ಹನ್ನೊಂದು ದಿನದ ಜಾರುವಿಕೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಕುರಿ ಸಾಕುವವರು. 2019ರ ಜಾನುವಾರು ಗಣತಿಯಲ್ಲಿ ಆಂಧ್ರದ ಕುರಿಗಳು 1.76 ಕೋಟಿ, ತೆಲಂಗಾಣ ಬಿಟ್ಟರೆ ದೇಶದಲ್ಲಿ ಇಷ್ಟು ಬೇರೆಲ್ಲೂ ಇಲ್ಲ. ಮೂರು ಮಂದಿಗೆ ಒಂದು ಕುರಿ. ಕುರಿಯ ಗರ್ಭ ಐದು ತಿಂಗಳು. ಕುರ್ಬಾನಿಗೆ ಟಗರು ದಷ್ಟಪುಷ್ಟವಾಗಿದ್ದರೆ ಆರು ತಿಂಗಳಿಗೂ ನಡೆಯುತ್ತದೆ, ಹೋತಕ್ಕೆ ವರ್ಷ ತುಂಬಲೇಬೇಕು. ಬಕ್ರೀದಿಗೆ ಮಾಲು ಸಿದ್ಧವಾಗಬೇಕೆಂದರೆ ಕುರುಬ ಹಿಂದಕ್ಕೆ ಎಣಿಸಿ ತಿಂಗಳುಗಟ್ಟಲೆ ಮೊದಲೇ ಟಗರು ಬಿಡಬೇಕು, ಆ ದಿನವನ್ನು ಪ್ರತಿ ವರ್ಷ ಹನ್ನೊಂದು ದಿನ ಹಿಂದಕ್ಕೆ ತಳ್ಳಬೇಕು. ಮಳೆಗಾಲದ ಹುಲ್ಲಿಗೆ ಹೊಂದಿಸಿದ ಮರಿಯ ಲೆಕ್ಕ ಹತ್ತು ವರ್ಷದಲ್ಲಿ ಬೇಸಿಗೆಯ ಒಣ ಕೂಳೆಗೆ ಬಂದು ನಿಲ್ಲುತ್ತದೆ. ಹಿಜರಿ ಕ್ಯಾಲೆಂಡರನ್ನು ಹೆಗಲ ಮೇಲಿನ ಕಂಬಳಿಯ ಜೊತೆ ಹೊತ್ತುಕೊಂಡು ತಿರುಗುವ ಬೀರಪ್ಪನ ಒಕ್ಕಲು ನಮ್ಮ ಸಂತೆಯಲ್ಲಿ ಎಷ್ಟೋ ಜನ ಸಿಗುತ್ತಾರೆ. ರೇಟು ಕೇಳಿದರೆ ಮಾತ್ರ ಕಿವುಡರಾಗುತ್ತಾರೆ.

ಯುಗಾದಿ, ಈದು ಮತ್ತೆ ಹೀಗೆ ಒಟ್ಟಿಗೆ ಬೀಳಬೇಕಾದರೆ 2050ರ ದಶಕದ ಕೊನೆ ಆಗಬೇಕು. ಅದಕ್ಕೆ ನಾನಿರುವುದಿಲ್ಲ, ಬೇಕಾದವರು ನೋಡಿಕೊಳ್ಳಲಿ. ಅದಕ್ಕೆ ಮೊದಲೇ ಇನ್ನೊಂದಿದೆ. 2000ದಲ್ಲಿ ಜನವರಿಗೊಮ್ಮೆ, ಡಿಸೆಂಬರಿಗೊಮ್ಮೆ ಒಂದೇ ಇಸವಿಯಲ್ಲಿ ಎರಡು ರಂಜಾನ್ ಈದ್ ಬಂದಿದ್ದವು. 2033ರಲ್ಲಿ ಅದೇ ಪುನಃ ಆಗಲಿದೆ, ಮೊದಲ ವಾರದಲ್ಲಿ ಒಂದು, ಕ್ರಿಸ್‌ಮಸ್ ಆಸುಪಾಸಿಗೆ ಇನ್ನೊಂದು. ರಸ್ತೆ ಎರಡು ಸಲ ಬಂದ್, ಹಾಲು ಎರಡು ಸಲ ಇಲ್ಲ, ಪಕ್ಕದ ಮನೆಯಿಂದ ಸುರಕುಂಬಾ ಎರಡು ಸಲ. ಹಾಲಿನವನಿಗೆ ಈಗಲೇ ಹೇಳಿಟ್ಟಿದ್ದೇನೆ.